ನೊರೆ ಹಾಟ್ ಮೆಲ್ಟ್ ಮೆಷಿನ್ ಬಳಸಿದವರು ಇದ್ದೀರಾ? ಅನುಭವ ಹೇಳಿ

ಹೂಟಗಳ್ಳಿ ಊದುಬತ್ತಿ ಬಾಕ್ಸ್:
ಎಲ್ಲರಿಗೂ ನಮಸ್ಕಾರ. ನಮ್ಮದು ಊದುಬತ್ತಿ ಕಾರ್ಟನ್ ಮಾಡುವ ಚಿಕ್ಕ ಯೂನಿಟ್. ದಿನಕ್ಕೆ ಸುಮಾರು 20,000 ಪೀಸ್. ಕಾಯಿಸಿ ಕರಗಿಸಿ ಹಾಕುವ ಹಾಟ್ ಮೆಲ್ಟ್ ಅಂಟು ದಿನಕ್ಕೆ 9 ಕೆಜಿ ಹೋಗುತ್ತಿದೆ, ಕೆಜಿಗೆ 210 ರೂಪಾಯಿ. ಅಂಟಿಗೆ ಗ್ಯಾಸ್ ಬೆರೆಸಿ ನೊರೆ ಮಾಡಿ ಹಾಕುವ ಸೆಕೆಂಡ್ ಹ್ಯಾಂಡ್ ಮೆಷಿನ್ ಒಂದು 4.75 ಲಕ್ಷಕ್ಕೆ ಬಂದಿದೆ. ಅಂಟು ಅರ್ಧಕ್ಕರ್ಧ ಉಳಿಯುತ್ತದೆ ಎಂದು ಡೀಲರ್ ಹೇಳುತ್ತಾರೆ. ನಮ್ಮ ಬೋರ್ಡ್ ಮೇಲೆ ಹೊಳಪು ಲ್ಯಾಮಿನೇಷನ್ ಇದೆ, ಅದಕ್ಕೆ ಹಿಡಿಯುತ್ತದಾ? ಬಳಸಿದವರು ದಯವಿಟ್ಟು ಹೇಳಿ.

ಹೆಬ್ಬಾಳದ ರಟ್ಟಿನವರು:
ಕಣ್ಣು ಮುಚ್ಚಿಕೊಂಡು ತಗೊಳ್ಳಿ ಸಾರ್. ನಾನು 2019ರಲ್ಲಿ ಹೊಸದೇ ತಂದೆ. ಇವನಿಗೆ ದುಡ್ಡು ಜಾಸ್ತಿಯಾಗಿದೆ ಎಂದು ನಮ್ಮ ರಸ್ತೆಯವರೆಲ್ಲ ನಕ್ಕರು. ಸುಳ್ಳು ಯಾಕೆ, ಮೊದಲ ಎರಡು ತಿಂಗಳು ಅಂಟಿನ ಬಿಲ್ಲು ಒಂದು ರೂಪಾಯಿಯೂ ಇಳಿಯಲಿಲ್ಲ. ಮನೆಯಲ್ಲಿ ಮುಖ ತೋರಿಸಲು ಆಗುತ್ತಿರಲಿಲ್ಲ. ಒಂದು ರಾತ್ರಿ ಪಾಳಿಗೆ ಹೇಳದೆ ಹೋದೆ. ಅಂಟಿನ ಗೆರೆ ಜೇನುತುಪ್ಪದ ಹಾಗೆ ತಿಳಿಯಾಗಿ ಬೀಳುತ್ತಿದೆ. ನೊರೆಯಾಗಿದ್ದರೆ ಹಾಲಿನ ಕೆನೆ ಥರ ಬೆಳ್ಳಗೆ ಉಬ್ಬಬೇಕು ಅಲ್ವಾ? ಆಪರೇಟರ್ ಹುಡುಗ ಗ್ಯಾಸ್ ವಾಲ್ವ್ ಮುಚ್ಚಿಟ್ಟಿದ್ದ. "ಬೆಳ್ಳಗೆ ಬರ್ತಿತ್ತು ಸಾರ್, ಅಂಟು ಕೆಟ್ಟುಹೋಗಿದೆ ಅಂದ್ಕೊಂಡೆ" ಎಂದ!

ಅವತ್ತಿನಿಂದ ಪ್ರತಿ ಪಾಳಿಗೂ ಲೋಟದ ಪರೀಕ್ಷೆ. 100 ಮಿಲಿ ಸ್ಟೀಲ್ ಲೋಟ, ತಕ್ಕಡಿ, ಅಷ್ಟೇ. ಗ್ಯಾಸ್ ಇಲ್ಲದೆ ಹಿಡಿದರೆ 94 ಗ್ರಾಂ, ಗ್ಯಾಸ್ ಜೊತೆ 50 ಗ್ರಾಂ. 60 ದಾಟಿದರೆ ಅವತ್ತು ಬೈಗುಳ. ಈಗ ತಿಂಗಳಿಗೆ 240 ಕೆಜಿ ಇದ್ದದ್ದು 135ಕ್ಕೆ ಬಂದಿದೆ.

ತೂಬಿನಕೆರೆ ಗೌಡ:
ಹೊಸದು ತಂದವರ ಮಾತು ಕೇಳಬೇಡಿ. ಸೆಕೆಂಡ್ ಹ್ಯಾಂಡ್ ತಂದು ಕೈ ಸುಟ್ಟುಕೊಂಡವನು ನಾನು. ನಮ್ಮದು ಬೆಲ್ಲದ ಡಬ್ಬ. 2022ರಲ್ಲಿ 3.90 ಲಕ್ಷ ಕೊಟ್ಟೆ. ಬರೆದುಕೊಳ್ಳಿ: ಬಿಸಿ ಪೈಪು ಒಳಗೇ ಶಾರ್ಟ್ ಆಗಿ 41,000. ನಾಜಲ್ ಮೂರು ಸಲ, ಸಲಕ್ಕೆ 2,800. ಪಂಪಿನ ಸೀಲು 6,500, ಅದನ್ನು ಹಾಕಲು ಬಂದವನಿಗೆ ಊಟ, ಬಸ್ ಚಾರ್ಜು ಬೇರೆ. ನೈಟ್ರೋಜನ್ ಸಿಲಿಂಡರ್ 18 ದಿನಕ್ಕೆ ಖಾಲಿ! ತುಂಬಿಸಲು 550, ಟೆಂಪೋಗೆ 300. ಎರಡು ವರ್ಷಕ್ಕೆ 40 ಸಿಲಿಂಡರ್, 34,000 ರೂಪಾಯಿ ಗಾಳಿಗೆ ಹೋಯಿತು. ನಿಜವಾಗಿಯೂ ಗಾಳಿಗೇ.

ಭಾನುವಾರ ರಜೆ ಕೊಟ್ಟರೆ ಸೋಮವಾರ ಬೆಳಿಗ್ಗೆ ಪೈಪಿನಲ್ಲಿ ಗ್ಯಾಸೇ ಬೇರೆ, ಅಂಟೇ ಬೇರೆ ಆಗಿರುತ್ತದೆ. ಟಪ್ ಟಪ್ ಎಂದು ಉಗುಳುತ್ತದೆ. ಮೊದಲ 40 ಡಬ್ಬ ಗುಜರಿಗೆ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಕಳೆದ ಏಪ್ರಿಲ್. ಲಾರಿಯಲ್ಲಿ ಬಿಸಿಲಿಗೆ 340 ಡಬ್ಬ ಬಾಯಿ ಬಿಟ್ಟವು. ಅಚ್ಚು ಬೆಲ್ಲ ಲಾರಿ ತುಂಬಾ ಚೆಲ್ಲಾಡಿ, ಪಾರ್ಟಿ ಪೂರ್ತಿ ಲೋಡು ವಾಪಸ್ ಕಳಿಸಿದರು.

ಮಂಡಿ ಮೊಹಲ್ಲಾ ಅಕ್ಕ:
ಇದಕ್ಕೇ ನಾನು ಮೈದಾ ಗಂಜಿ ಬಿಟ್ಟಿಲ್ಲ. ನಮ್ಮ ಮನೆಯ ಹಿಂದೆ ಆರು ಹೆಂಗಸರು ಕೂತು ಬ್ರಷ್‌ನಲ್ಲಿ ಹಚ್ಚುತ್ತಾರೆ. ಒಂದು ಕೆಜಿ ಮೈದಾಕ್ಕೆ ಐದಾರು ಕೆಜಿ ಗಂಜಿ ಬರುತ್ತದೆ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ನಮ್ಮ ಅಣ್ಣನ ಮಗ ಹಾಟ್ ಮೆಲ್ಟ್ ಮೆಷಿನ್ನಿನಲ್ಲಿ ಕೆಲಸಕ್ಕಿದ್ದ. 170 ಡಿಗ್ರಿ ಅಂಟು ಮುಂಗೈ ಮೇಲೆ ಬಿತ್ತು. ಒರೆಸಲು ಹೋದರೆ ಚರ್ಮವೂ ಜೊತೆಗೆ ಬಂತು. ಆ ಕೈ ನೋಡಿದ ಮೇಲೆ ನನಗೆ ಯಾವ ಉಳಿತಾಯವೂ ಬೇಡ.

ಹೆಬ್ಬಾಳದ ರಟ್ಟಿನವರು:
ಗಂಜಿ ಡಬ್ಬವನ್ನು ಜಿರಳೆ ತಿನ್ನುತ್ತದೆ ಅಕ್ಕಾ.

ಮಂಡಿ ಮೊಹಲ್ಲಾ ಅಕ್ಕ:
ಮೈಲುತುತ್ತು ಹಾಕಿ ಕಾಯಿಸಿದರೆ ಯಾವ ಜಿರಳೆಯೂ ಮುಟ್ಟುವುದಿಲ್ಲ. ನಮ್ಮ ಮಾವನವರ ಕಾಲದಿಂದ ಮಾಡುತ್ತಿದ್ದೇವೆ, ನೀವು ಹೇಳಿಕೊಡಬೇಡಿ. ಆಷಾಢದ ಸೋನೆಯಲ್ಲಿ ಒಣಗಲ್ಲ, ಅದೊಂದು ಒಪ್ಪುತ್ತೇನೆ. ಒಂದು ವರ್ಷ 1,200 ಡಬ್ಬಕ್ಕೆ ಬೂಷ್ಟು ಹಿಡಿಯಿತು.

ಮೇಟಗಳ್ಳಿ ಫಿಟ್ಟರ್:
ಗೌಡ್ರೇ, 18 ದಿನಕ್ಕೆ ಸಿಲಿಂಡರ್ ಖಾಲಿಯಾಗಲು ಸಾಧ್ಯವೇ ಇಲ್ಲ. ದೊಡ್ಡ ಸಿಲಿಂಡರ್‌ನಲ್ಲಿ 7 ಕ್ಯೂಬಿಕ್ ಮೀಟರ್, ಅಂದರೆ 7,000 ಲೀಟರ್ ಗ್ಯಾಸ್. ಅಂಟು ಇಮ್ಮಡಿ ಉಬ್ಬಲು ಲೀಟರಿಗೆ ಹೆಚ್ಚುಕಮ್ಮಿ ಒಂದು ಲೀಟರ್ ಸಾಕು. ದಿನಕ್ಕೆ 10 ಲೀಟರ್ ಎಂದೇ ಇಟ್ಟುಕೊಳ್ಳಿ, 700 ದಿನ ಬರಬೇಕು. ನಿಮ್ಮದು ಸೋರಿಕೆ. ಸೋಪಿನ ನೀರು ಹಚ್ಚಿ ನೋಡಿ.

ಲಾರಿಯಲ್ಲಿ ಬಾಯಿ ಬಿಟ್ಟದ್ದಕ್ಕೂ ನೊರೆಯನ್ನು ಬೈಯಬೇಡಿ. ಬಿಸಿಲಿಗೆ ಮೆತ್ತಗಾಗುವ ಅಗ್ಗದ ಅಂಟು ಹಾಕಿದ್ದೀರಿ. ಹಾಗೇ, ಎಣ್ಣೆಯಂತೆ ತೆಳ್ಳಗಿರುವ ಅಂಟಿನಲ್ಲಿ ಗುಳ್ಳೆ ನಿಲ್ಲುವುದಿಲ್ಲ. ಸುಣ್ಣದ ಪುಡಿ ಬೆರೆಸಿದ ಅಂಟಾದರೆ ಪಂಪು ಸವೆಯುತ್ತದೆ.

ಹೂಟಗಳ್ಳಿಯವರಿಗೆ: ಲ್ಯಾಮಿನೇಷನ್ ಮೇಲೆ ಹಿಡಿಯದ ಅಂಟು ನೊರೆ ಮಾಡಿದ ಮಾತ್ರಕ್ಕೆ ಹಿಡಿಯುವುದಿಲ್ಲ. ಅಂಟು ಬೀಳುವ ಅಂಚನ್ನು ಉಜ್ಜಿ ಒರಟು ಮಾಡಿ. ಇನ್ನು ಇದು ಹೊಸ ಟೆಕ್ನಾಲಜಿ ಎಂದು ಡೀಲರ್ ಹೇಳಿದರೆ ಸುಮ್ನೆ ಕೇಳಿಸಿಕೊಳ್ಳಿ. ಅಮೆರಿಕದ ನಾರ್ಡ್ಸನ್ ಕಂಪನಿಗೆ 1977ರಲ್ಲೇ ಇದರ ಪೇಟೆಂಟ್ ಸಿಕ್ಕಿದೆ.

ತೂಬಿನಕೆರೆ ಗೌಡ:
ಕ್ಯಾಲ್ಕುಲೇಟರ್ ಹಿಡಿದು ಬಂದರು ನೋಡಿ! ಎರಡು ವರ್ಷ ಸಿಲಿಂಡರ್ ಹೊತ್ತವನು ನಾನು. ಸೋರುತ್ತಿದ್ದರೆ ಗೊತ್ತಾಗುತ್ತಿರಲಿಲ್ಲವಾ?

ಮೇಟಗಳ್ಳಿ ಫಿಟ್ಟರ್:
ನೈಟ್ರೋಜನ್‌ಗೆ ವಾಸನೆ ಇಲ್ಲ ಗೌಡ್ರೇ.

ಕಡಕೊಳ ಥರ್ಮಾಕೋಲ್:
ನಮ್ಮದು ಬೇರೆ ಕಥೆ. ಐಸ್ ಬಾಕ್ಸ್ ಮಾಡುತ್ತೇವೆ. ಥರ್ಮಾಕೋಲ್‌ಗೆ ಮಾಮೂಲಿ ಹಾಟ್ ಮೆಲ್ಟ್ ಹಾಕಿದರೆ ಬಿಸಿಗೆ ಗುಳಿ ಬೀಳುತ್ತಿತ್ತು, ಇಲಿ ಕಡಿದ ಹಾಗೆ. ರಬ್ಬರ್ ಸೊಲ್ಯೂಷನ್ ಹಚ್ಚಿದೆವು, ಅದು ಥರ್ಮಾಕೋಲನ್ನೇ ಕರಗಿಸಿತು. ಬಿಳಿ ಅಂಟು ಒಣಗಲು ಒಂದು ರಾತ್ರಿ ಬೇಕು, ಬಾಕ್ಸ್ ಒಟ್ಟಲು ಜಾಗ ಇಲ್ಲ. ನೊರೆ ಬಂದ ಮೇಲೆ ಅಷ್ಟೇ ಜಾಗಕ್ಕೆ ಅರ್ಧ ಅಂಟು, ಅರ್ಧ ಬಿಸಿ. ಗುಳಿ ನಿಂತಿತು. ಹಾಕಿದ ತಕ್ಷಣ ಆರುವುದೂ ಇಲ್ಲ, ಮುಚ್ಚಳ ಸರಿಯಾಗಿ ಕೂರಿಸಲು ಹೊತ್ತು ಸಿಗುತ್ತದೆ. ಒತ್ತಿದ ಮೇಲೆ ಬೇಗ ಹಿಡಿಯುತ್ತದೆ. ಗ್ಯಾಸ್ ಯಾಕೆ? ಕಂಪ್ರೆಸರ್ ಗಾಳಿಗೆ ಡ್ರೈಯರ್ ಹಾಕಿದ್ದೇನೆ. ಮೂರು ವರ್ಷದಿಂದ ಸಿಲಿಂಡರ್ ಮುಖ ನೋಡಿಲ್ಲ.

ಹೆಬ್ಬಾಳದ ರಟ್ಟಿನವರು:
ಗಾಳಿಯಲ್ಲಿ ಆಕ್ಸಿಜನ್ ಇದೆ ಸ್ವಾಮಿ. ಬಿಸಿ ಅಂಟಿಗೆ ಅದೇ ಶತ್ರು. ಒಮ್ಮೆ ಪಂಪು, ಪೈಪು ಬಿಚ್ಚಿ ನೋಡಿ. ಮಂಡ್ಯದ ಬೆಲ್ಲದ ಹಾಗೆ ಕರ್ರಗಿರುತ್ತದೆ.

ಕಡಕೊಳ ಥರ್ಮಾಕೋಲ್:
ರಾತ್ರಿಯಿಡೀ 180 ಡಿಗ್ರಿಯಲ್ಲಿ ಟ್ಯಾಂಕ್ ಕಾಯಲು ಬಿಟ್ಟರೆ ನೈಟ್ರೋಜನ್ ಇದ್ದರೂ ಸೀಯುತ್ತದೆ. ನಾನು ಆರು ಗಂಟೆಗೆ ಹೀಟರ್ ಆರಿಸುತ್ತೇನೆ. ನೀವು?

ತೂಬಿನಕೆರೆ ಗೌಡ:
ಬೆಲ್ಲದ ಸುದ್ದಿಗೆ ಯಾಕೆ ಬಂದಿರಿ? ಕರ್ರಗಿರುವುದೇ ಒಳ್ಳೆ ಬೆಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆಗೆ ಬಣ್ಣ ತಿಳಿ ಮಾಡುವ ಹೈಡ್ರೋಸ್ ಪುಡಿ ಸುರಿಯುವುದು ಯಾರಿಗಾಗಿ? ಚಿನ್ನದ ಬಣ್ಣದ ಅಚ್ಚೇ ಬೇಕು ಎಂದು ಆರಿಸುವ ಮೈಸೂರಿನವರಿಗಾಗಿ!

ಮಂಡಿ ಮೊಹಲ್ಲಾ ಅಕ್ಕ:
ನಾನು ಕಪ್ಪು ಬೆಲ್ಲವೇ ತರುವುದು. ಎಲ್ಲರನ್ನೂ ಸೇರಿಸಿ ಬೈಯಬೇಡಿ.

ಹೆಬ್ಬಾಳದ ರಟ್ಟಿನವರು:
ಮಾತಿಗೆ ಹೇಳಿದೆ, ಇಷ್ಟು ಯಾಕೆ ಉರಿದುಕೊಳ್ಳುತ್ತೀರಿ? ನಿಮ್ಮ ಮೆಷಿನ್ ಗುಜರಿ, ಅದರ ಸಿಟ್ಟು ನಮ್ಮ ಮೇಲೆ.

ಹೂಟಗಳ್ಳಿ ಊದುಬತ್ತಿ ಬಾಕ್ಸ್:
ಫಿಟ್ಟರ್ ಅಣ್ಣ, ಅಂಚು ಉಜ್ಜಲು ಬೇರೆ ಮೆಷಿನ್ ಬೇಕಾ?

ತೂಬಿನಕೆರೆ ಗೌಡ (ಎರಡು ದಿನ ಬಿಟ್ಟು):
ಸೋಪಿನ ನೀರು ಹಚ್ಚಿದೆ. ರೆಗ್ಯುಲೇಟರ್ ಬುಡದಲ್ಲಿ ಸಾಸಿವೆ ಗಾತ್ರದ ಗುಳ್ಳೆ, ಒಂದರ ಹಿಂದೆ ಒಂದು. ವಾಷರ್ ಬಿರುಕು ಬಿಟ್ಟಿತ್ತು. ಹೊಸದಕ್ಕೆ 15 ರೂಪಾಯಿ. ಫಿಟ್ಟರ್ ಹೇಳಿದ್ದು ಸರಿ, ಒಪ್ಪಿದೆ. ಆದರೆ ನನಗೆ ಮನಸ್ಸು ಮುರಿದಿದೆ. ಮಾರುತ್ತೇನೆ. ಹೊಸ ಪೈಪು ಸೇರಿ 3.60.

ಹೆಬ್ಬಾಳದ ರಟ್ಟಿನವರು:
ಪೈಪು ನನ್ನ ಹತ್ತಿರ ಇದೆ. ಅದು ಬಿಟ್ಟು 2.90ಕ್ಕೆ ಕೊಡುತ್ತೀರಾ? ನಾಳೆಯೇ ಗಾಡಿ ಕಳಿಸುತ್ತೇನೆ.

ತೂಬಿನಕೆರೆ ಗೌಡ:
ಗುಜರಿ ಅಂದವರು ನೀವೇ ಅಲ್ವಾ? ನಿಮಗೆ 4 ಲಕ್ಷ.