ತೊಗಲುಗೊಂಬೆಯಾಟದ ಹಳೆಯ ಡಿವಿಡಿಗಳನ್ನು ಎಚ್.265ಕ್ಕೆ ಬದಲಿಸಬೇಕೇ?

ಗೊಂಬೆಯಾಟ_ಕೊಪ್ಪಳ:
ಎಲ್ಲರಿಗೂ ನಮಸ್ಕಾರ. ಕೊಪ್ಪಳ, ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ನಡೆದ ತೊಗಲುಗೊಂಬೆಯಾಟಗಳನ್ನು ನಮ್ಮ ಸಂಘದ ಹಿರಿಯರು ಚಿತ್ರೀಕರಿಸಿ ಡಿವಿಡಿಗಳಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಡಿಸ್ಕ್‌ಗಳು ಹಾಳಾಗುವ ಮೊದಲೇ ಅವನ್ನು ಹಾರ್ಡ್‌ಡಿಸ್ಕಿಗೆ ತುಂಬುವ ಕೆಲಸ ನನ್ನ ಪಾಲಿಗೆ ಬಂದಿದೆ. ಡಿವಿಡಿಯ ಹಳೆಯ ವಿಡಿಯೊ ಸಂಕೋಚನ ಮಾನದಂಡವಾದ ಎಂಪೆಗ್-2ರಿಂದ ಹೊಸದಾದ ಎಚ್.265ಕ್ಕೆ ಬದಲಿಸಿದರೆ ಜಾಗ ಉಳಿಯುವುದಲ್ಲದೆ ಚಿತ್ರವೂ ತಿಳಿಯಾಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಪರದೆಯ ಹಿಂದಿನ ದೀಪ ಅಲುಗಿದಾಗಲೆಲ್ಲ ಈಗಿನ ಪ್ರತಿಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಹೊಸ ಮಾನದಂಡದಿಂದ ಇದು ಸರಿಹೋಗುವುದೇ? ಪೀಳಿಗೆಯಿಂದ ಪೀಳಿಗೆಗೆ ನಿಜವಾಗಿ ಬದಲಾಗಿರುವುದೇನು?

ಬಳ್ಳಾರಿ_ಸಂಕಲನಕಾರ:
ಜಾಗ ಉಳಿಯುವುದು ನಿಜ, ಆದರೆ ಚಿತ್ರ ತಿಳಿಯಾಗುವುದಿಲ್ಲ. 1990ರ ದಶಕದ ಎಂಪೆಗ್-2 ಚಿತ್ರವನ್ನು 16×16 ಬಿಂದುಗಳ ಚೌಕಗಳಾಗಿ ವಿಂಗಡಿಸಿ, ಆ ಚೌಕ ಹಿಂದಿನ ಅಥವಾ ಮುಂದಿನ ಚಿತ್ರದಲ್ಲಿ ಎಲ್ಲಿತ್ತೆಂದು ಹುಡುಕಿ, ಉಳಿದ ವ್ಯತ್ಯಾಸವನ್ನಷ್ಟೇ 8×8 ತುಂಡುಗಳಲ್ಲಿ ಬರೆದಿಡುತ್ತದೆ. ದೀಪ ಅಲುಗಿದಾಗ ಗೊಂಬೆ ಜರುಗದಿದ್ದರೂ ಇಡೀ ಪರದೆಯ ಬೆಳಕು ಏರಿಳಿಯುವುದರಿಂದ ಒಂದು ಚೌಕಕ್ಕೂ ಸರಿಯಾದ ಜೋಡಿ ಸಿಗುವುದಿಲ್ಲ. ಡಿವಿಡಿಯಲ್ಲಿ ದೃಶ್ಯಕ್ಕಿರುವ ಮಿತಿ ಸೆಕೆಂಡಿಗೆ 9.8 ಮೆಗಾಬಿಟ್ ಆದ್ದರಿಂದ ವ್ಯತ್ಯಾಸಗಳನ್ನು ಒರಟಾಗಿ ಬರೆಯಬೇಕಾಗುತ್ತದೆ, ಆಗ ಚೌಕಗಳ ಅಂಚುಗಳು ಎದ್ದು ಕಾಣುತ್ತವೆ. 2003ರ ಎಚ್.264 ಈ ತೊಂದರೆಗೆ ನೇರವಾಗಿ ಕೈಹಾಕಿತು. ಬೆಳಕಿನ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಂಡು ಊಹಿಸುವ ಉಪಾಯ, 4×4ರವರೆಗೆ ಇಳಿಯುವ ತುಂಡುಗಳು, ಅಂಚುಗಳನ್ನು ಸವರುವ ಫಿಲ್ಟರ್, ಇವೆಲ್ಲ ಅದರೊಂದಿಗೆ ಬಂದವು. 2013ರ ಎಚ್.265 ಚೌಕವನ್ನು 64×64ರವರೆಗೆ ಹಿಗ್ಗಿಸಿತು. ಪರದೆಯ ಸುತ್ತಲಿನ ಕತ್ತಲೆಯಂಥ ದೊಡ್ಡ, ಸಮನಾದ ಭಾಗಗಳು ಇದರಿಂದ ಕೆಲವೇ ಬಿಟ್‌ಗಳಲ್ಲಿ ಮುಗಿಯುತ್ತವೆ. 2020ರ ಎಚ್.266ರಲ್ಲಿ ಅದು 128×128 ಆಯಿತು. ಅಷ್ಟೇ ಗುಣಮಟ್ಟವನ್ನು ಸುಮಾರು ಅರ್ಧ ಬಿಟ್‌ರೇಟಿನಲ್ಲಿ (ಅಂದರೆ ಸೆಕೆಂಡಿಗೆ ಅರ್ಧದಷ್ಟೇ ಬಿಟ್‌ಗಳಲ್ಲಿ) ಕೊಡಬೇಕೆಂಬುದು ಪ್ರತಿ ಪೀಳಿಗೆಯ ಗುರಿಯಾಗಿತ್ತು.

ಆದರೆ ಈ ಲಾಭವೆಲ್ಲ ಮೂಲ ಚಿತ್ರೀಕರಣದಿಂದ ನೇರವಾಗಿ ಸಂಕುಚಿಸಿದಾಗ ಸಿಗುವಂಥದ್ದು. ತೊಗಲಿನ ಮೇಲೆ ಕೊರೆದ ಸಣ್ಣ ತೂತುಗಳ ಚಿತ್ತಾರ ಎಂಪೆಗ್-2ರಲ್ಲಿ ಒಮ್ಮೆ ಅಳಿದಿದ್ದರೆ ಅದನ್ನು ಎಚ್.265 ಮರಳಿ ತರಲಾರದು. ಒಡೆದ ಚೌಕಗಳನ್ನೇ ಚಿತ್ರವೆಂದು ತಿಳಿದು ಅವುಗಳಿಗೂ ಬಿಟ್ ವೆಚ್ಚಮಾಡುತ್ತದೆ, ಇಲ್ಲವೇ ಅವನ್ನು ಸವರುವಾಗ ಉಳಿದಿರುವ ಚಿತ್ತಾರವನ್ನೂ ಮಸುಕುಮಾಡುತ್ತದೆ. ಆದ್ದರಿಂದ ಮೂಲ ಎಂಪೆಗ್-2 ಕಡತಗಳನ್ನು ಮರುಸಂಕೋಚಿಸದೆ, ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದ ಕಾಪಿ ಆಯ್ಕೆಯಿಂದ ಇದ್ದಂತೆಯೇ ತೆಗೆದು, ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡಿ. ಇಂಥ ಆಟಗಳ ದಾಖಲೆಗೆ ಜಾಗ ಉಳಿಸುವುದು ನನ್ನ ದೃಷ್ಟಿಯಲ್ಲಿ ಮುಖ್ಯವೇ ಅಲ್ಲ.

ರಾಯಚೂರು_ಉಪನ್ಯಾಸಕಿ:
ಮೇಲಿನ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಒಂದು ವಿಷಯವನ್ನು ಮಾತ್ರ ಸೇರಿಸುತ್ತೇನೆ. ನಿಮ್ಮ ಡಿವಿಡಿಗಳು ಇಂಟರ್‌ಲೇಸ್ ಆಗಿರುವ ಸಾಧ್ಯತೆ ಹೆಚ್ಚು. ಅಂದರೆ 720×576 ಚಿತ್ರದ ಬೆಸ ಸಾಲುಗಳು ಒಂದು ಕ್ಷಣದವು, ಸಮ ಸಾಲುಗಳು ಮುಂದಿನ ಕ್ಷಣದವು. ಎಂಪೆಗ್-2 ಮತ್ತು ಎಚ್.264ರಲ್ಲಿ ಇದನ್ನು ಚೌಕದಿಂದ ಚೌಕಕ್ಕೆ ಬೇರೆ ಬೇರೆ ಬಗೆಯಲ್ಲಿ ನಿಭಾಯಿಸುವ ಸೌಲಭ್ಯವಿತ್ತು, ಎಚ್.265 ಅದನ್ನು ಕೈಬಿಟ್ಟಿತು. ಹೊಸತಾದ ಮಾತ್ರಕ್ಕೆ ಎಲ್ಲದರಲ್ಲೂ ಮುಂದೆ ಎನ್ನಲಾಗದು. ನೋಡುವ ಪ್ರತಿ ಮಾಡುವಾಗ ಡೀಇಂಟರ್‌ಲೇಸ್ ಮಾಡಿ (ಬೆಸ, ಸಮ ಸಾಲುಗಳಿಂದ ಪೂರ್ಣ ಚಿತ್ರಗಳನ್ನು ಮಾಡಿ), ಸೆಕೆಂಡಿಗೆ 25ರ ಬದಲು 50 ಚಿತ್ರಗಳನ್ನು ಇಟ್ಟುಕೊಳ್ಳಿ. ಇಲ್ಲವಾದರೆ ಯುದ್ಧದ ಸನ್ನಿವೇಶಗಳಲ್ಲಿ ಗೊಂಬೆಗಳ ಚುರುಕಾದ ಚಲನೆಯ ನಯ ಅರ್ಧಕ್ಕೆ ಇಳಿಯುತ್ತದೆ.

ಗೊಂಬೆಯಾಟ_ಕೊಪ್ಪಳ:
ಇಬ್ಬರಿಗೂ ಧನ್ಯವಾದಗಳು. ಕಲಾವಿದರ ಮನೆಯವರಿಗೆ ಪೆನ್‌ಡ್ರೈವಿನಲ್ಲಿ ಕೊಡುವ ಪ್ರತಿಗೆ ಎವಿ1 ಎಂಬ ಇನ್ನೊಂದು ಸಂಕೋಚನ ಮಾನದಂಡ ಆಗಬಹುದೇ, ಮೇಡಂ?

ರಾಯಚೂರು_ಉಪನ್ಯಾಸಕಿ:
2018ರಲ್ಲಿ ಬಂದ ಎವಿ1ಕ್ಕೆ ಪೇಟೆಂಟ್ ಶುಲ್ಕ ಕೇಳುವುದಿಲ್ಲವೆಂಬುದು ಅದನ್ನು ರೂಪಿಸಿದ ಒಕ್ಕೂಟದ ನಿಲುವು, ಸಂಕೋಚನವೂ ಚೆನ್ನಾಗಿದೆ. ಆದರೆ ಹಳ್ಳಿಯ ಮನೆಗಳಲ್ಲಿರುವ ಹಳೆಯ ಟಿವಿಗಳು ಅದನ್ನು ತೆರೆಯಲಾರವು. ಆ ಪ್ರತಿಗಳಿಗೆ 8 ಬಿಟ್‌ನ ಎಚ್.264ನ್ನೇ ಬಳಸಿ. ಮೊದಲು ದೀಪ ಹೆಚ್ಚು ಅಲುಗುವ ಒಂದು ನಿಮಿಷದ ತುಣುಕನ್ನು ಮಾತ್ರ ಬದಲಿಸಿ, ಮೂಲದ ಪಕ್ಕದಲ್ಲಿಟ್ಟು ಗೊಂಬೆಯ ಕಿರೀಟದ ತೂತುಗಳನ್ನು ಹೋಲಿಸಿ ನೋಡಿ. ಅವು ಕೂಡಿಕೊಂಡಂತೆ ಕಂಡರೆ ಬಿಟ್‌ರೇಟ್ ಏರಿಸಿ.