ಮೊದಲ ಸಲ ಕೈರೋಪ್ರಾಕ್ಟರ್ ಹತ್ತಿರ ಹೋಗುವವರ ಪ್ರಶ್ನೆಗಳು

ಅಡ್ಮಿನ್: ಈ ವಾರ ಉತ್ತರ ಕೊಡುವವರು ಕೈರೋಪ್ರಾಕ್ಟರ್ ಮೇಡಂ, ಅಂದರೆ ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು. ಅಮೆರಿಕದಲ್ಲಿ ಡಿ.ಸಿ. (ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್) ಪದವಿ ಮುಗಿಸಿ ಈಗ ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ. ಕ್ಲಿನಿಕ್ ಹೆಸರು, ಫೋನ್ ನಂಬರ್ ಕೇಳಬೇಡಿ.

ಜೆಪಿ ನಗರ ಟೆಕ್ಕಿ: ನಮಸ್ತೆ ಮೇಡಂ. ಕೂತು ಮಾಡೋ ಕೆಲಸ, ಮೂರು ವಾರದಿಂದ ಸೊಂಟ ಹಿಡಿದಿದೆ. ನೋವು ಕಾಲಿಗೆ ಇಳಿದಿಲ್ಲ. ಶನಿವಾರ ಮೊದಲ ಸಲ ಕೈರೋಪ್ರಾಕ್ಟರ್ ಹತ್ತಿರ ಹೋಗ್ತಿದ್ದೀನಿ. ಅಲ್ಲಿ ಏನೇನು ಮಾಡ್ತಾರೆ?

ಮೇಡಂ: ನಮಸ್ತೆ. ಸಡಿಲವಾದ ಬಟ್ಟೆ ಹಾಕಿಕೊಳ್ಳಿ, ಜೀನ್ಸ್, ಬೆಲ್ಟ್ ಬೇಡ. ಹೊಟ್ಟೆ ತುಂಬ ಉಂಡು ತಕ್ಷಣ ಹೋಗಬೇಡಿ, ಬೋರಲು ಮಲಗಬೇಕಾಗುತ್ತದೆ. ಹಳೇ ರಿಪೋರ್ಟು ಮತ್ತು ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆ, ಬಹಳ ದಿನದಿಂದ ಸ್ಟೆರಾಯ್ಡ್ ಇದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ.

ಮೊದಲ ಅರ್ಧ ಗಂಟೆ ಮಾತು ಮತ್ತು ಪರೀಕ್ಷೆಗೇ ಹೋಗಬೇಕು. ನೋವು ಯಾವಾಗ ಹೆಚ್ಚು, ಯಾವಾಗ ಕಡಿಮೆ, ಜ್ವರ ಬಂದಿತ್ತಾ, ಬಿದ್ದಿದ್ದಿರಾ, ಮೂತ್ರ ಸರಿಯಾಗಿ ಹೋಗುತ್ತಾ ಎಂದೆಲ್ಲ ಕೇಳುತ್ತಾರೆ. ಬಿಪಿ ನೋಡುತ್ತಾರೆ. ಸುತ್ತಿಗೆಯಿಂದ ಮಂಡಿಗೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ ತಟ್ಟುತ್ತಾರೆ. ತುದಿಗಾಲಲ್ಲಿ ನಾಲ್ಕು ಹೆಜ್ಜೆ, ಹಿಮ್ಮಡಿಯಲ್ಲಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯಿರಿ ಎಂದು ಹೇಳಿ ಅದನ್ನು ತಮ್ಮ ಕೈಯಿಂದ ಕೆಳಕ್ಕೆ ಒತ್ತುತ್ತಾರೆ. ಒಂದು ಕಡೆ ಬೆರಳು ಸೋತು ಕೆಳಗೆ ಬಂದರೆ ಸೊಂಟದ ಐದನೇ ನರದ ಬೇರಿಗೆ ಪೆಟ್ಟಿರಬಹುದು, ನಿಮಗೆ ಅದರ ಅರಿವೂ ಇರುವುದಿಲ್ಲ. ಆಮೇಲೆ ಅಂಗಾತ ಮಲಗಿಸಿ, ಮಂಡಿ ಮಡಚದೆ ಕಾಲೆತ್ತುತ್ತಾರೆ. 30ರಿಂದ 70 ಡಿಗ್ರಿಯೊಳಗೆ ನೋವು ಮಂಡಿಗಿಂತ ಕೆಳಕ್ಕೆ ಹರಿದರೆ ನರ ಒತ್ತಿದೆ ಎಂಬ ಅನುಮಾನ. ತೊಡೆಯ ಹಿಂದೆ ಬರೀ ಎಳೆತವಾದರೆ ಅದು ಸ್ನಾಯುವಿನದು.

ಇಷ್ಟಾದ ಮೇಲೆ ಏನಾಗಿದೆ, ಏನು ಮಾಡುತ್ತೇನೆ, ಏನು ಅಪಾಯ ಎಂದು ಹೇಳಿ ನಿಮ್ಮ ಒಪ್ಪಿಗೆ ಕೇಳಬೇಕು. ಸೊಂಟಕ್ಕಾದರೆ ಮಗ್ಗುಲಾಗಿ ಮಲಗಿಸಿ, ಮೇಲಿನ ಮಂಡಿ ಮಡಚಿಸಿ, ಭುಜ ಹಿಡಿದು, ಕೀಲು ಎಲ್ಲಿಯವರೆಗೆ ತಿರುಗುತ್ತದೋ ಅಲ್ಲಿಗೆ ತಂದು ಅಲ್ಲಿಂದ ಚಿಕ್ಕದಾಗಿ, ಚುರುಕಾಗಿ ಒಂದು ಒತ್ತು ಕೊಡುತ್ತಾರೆ. ಮರುದಿನ ಮೈಕೈ ನೋಯಬಹುದು, 24ರಿಂದ 48 ಗಂಟೆಯಲ್ಲಿ ಇಳಿಯುತ್ತದೆ. ವಾರಕ್ಕೆ ಎರಡರಂತೆ ನಾಲ್ಕರಿಂದ ಆರು ಸಲ ನೋಡಿ. ಏನೂ ಬದಲಾಗದಿದ್ದರೆ ಅದೇ ಚಿಕಿತ್ಸೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಪರೀಕ್ಷೆಯೇ ಇಲ್ಲದೆ ನೇರ ಮಲಗಿಸಿ ಕತ್ತಿಗೆ ಕೈ ಹಾಕಿದರೆ ಎದ್ದು ಬನ್ನಿ.

ಹುಬ್ಳಿ ಹುಡುಗ: ಮೇಡಂ, ಲಟಲಟ ಅಂತ ಸಪ್ಪಳ ಬಂದ್ರ ಎಲುಬು ಜಾಗಾಕ್ಕ ಕುಂತಂಗ ಅಲ್ಲೇನ್ರಿ?

ಮೇಡಂ: ಅಲ್ಲ. ಕೀಲಿನ ಸಂದು ತಟ್ಟನೆ ಅಗಲವಾದಾಗ ಒಳಗಿನ ದ್ರವದಲ್ಲಿ ಗಾಳಿಯ ಗುಳ್ಳೆ ಮೂಡುತ್ತದೆ, ಶಬ್ದ ಅದರದು. ಬೆರಳಿನ ಲಟಿಕೆಯೂ ಅದೇ. ಅದಕ್ಕೇ ಒಮ್ಮೆ ಮುರಿದ ಬೆರಳನ್ನು ಸುಮಾರು 20 ನಿಮಿಷ ಮತ್ತೆ ಮುರಿಯಲು ಬರುವುದಿಲ್ಲ. ಶಬ್ದ ಬಾರದೆಯೂ ಗುಣ ಕಾಣಬಹುದು, ಶಬ್ದ ಬಂದೂ ಕಾಣದಿರಬಹುದು.

ಮಂಡ್ಯದ ಗೌಡ: ಫೀಸ್ ಎಷ್ಟಾಯ್ತದೆ ಮೇಡಂ?

ಮೇಡಂ: ಊರಿಗೊಂದು, ಕ್ಲಿನಿಕ್ಕಿಗೊಂದು. ಮೊದಲ ಭೇಟಿಗೆ ಎಷ್ಟು, ಆಮೇಲೆ ಪ್ರತಿ ಸಲಕ್ಕೆ ಎಷ್ಟು, ಎಕ್ಸ್‌ರೇ ಸೇರಿದೆಯಾ ಎಂದು ಫೋನಿನಲ್ಲೇ ಕೇಳಿ. 30, 40 ಸಲದ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ. ನಿಮ್ಮ ಬೆನ್ನು ಎಷ್ಟು ಸಲಕ್ಕೆ ಸುಧಾರಿಸುತ್ತದೆ ಎಂದು ಮೊದಲ ದಿನವೇ ಯಾರಿಗೂ ಗೊತ್ತಿರುವುದಿಲ್ಲ.

ಅಜ್ಜನ ಮದ್ದು: ಎಲ್ಲರೂ ತಪ್ಪದೆ ಓದಿ, ಶೇರ್ ಮಾಡಿ!! ಡಿಸ್ಕ್ ಜರುಗಿದ್ದರೆ ಸಾವಿರಾರು ರೂಪಾಯಿ ಸುರಿಯಬೇಡಿ. ಎಕ್ಕದ ಎಲೆಗೆ ಎಳ್ಳೆಣ್ಣೆ ಸವರಿ ಹೆಂಚಿನ ಮೇಲೆ ಬಿಸಿ ಮಾಡಿ ಸೊಂಟಕ್ಕೆ ಕಟ್ಟಿ. ಬೆಳಿಗ್ಗೆ ಸಂಜೆ ಬಾಗಿಲ ಚೌಕಟ್ಟು ಹಿಡಿದು ಜೋತುಬೀಳಿ, ಮನೆಯವರು ಕಾಲು ಹಿಡಿದು ಕೆಳಕ್ಕೆ ಜಗ್ಗಲಿ. ಕಾಲು ಮುಂದಾಗಿ ಹುಟ್ಟಿದವರ ಕೈಲಿ ಮೂರು ಸಲ ಒದೆಸಿ. 7 ದಿನದಲ್ಲಿ ಡಿಸ್ಕ್ ಒಳಗೆ!

ಮೇಡಂ: ಬಿಸಿ ಶಾಖದಿಂದ ಸ್ನಾಯು ಸಡಿಲವಾಗುತ್ತದೆ, ಅದಕ್ಕೆ ಬಿಸಿನೀರಿನ ಚೀಲ ಸಾಕು. ಎಕ್ಕದ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ. ಸಕ್ಕರೆ ಕಾಯಿಲೆಯಿಂದ ಚರ್ಮ ಜೋಮು ಹಿಡಿದವರಿಗೆ ಬಿಸಿ ಎಷ್ಟಾಗಿದೆ ಎಂಬುದೇ ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತದೆ. ಕಾಲು ಜಗ್ಗುವುದು, ಒದೆಸುವುದು ಬೇಡವೇ ಬೇಡ. ಮೂಳೆ ಸವೆದ ವಯಸ್ಸಾದವರಿಗೆ ಒಂದು ಒದೆತಕ್ಕೆ ಬೆನ್ನೆಲುಬು ಕುಸಿಯಬಹುದು. ಉಬ್ಬಿದ ಡಿಸ್ಕು ಎಷ್ಟೋ ಜನರಲ್ಲಿ ವಾರಗಳು ಕಳೆದಂತೆ ತಾನಾಗಿ ಕುಗ್ಗುತ್ತದೆ, ಆ ಶ್ರೇಯಸ್ಸು ಎಲೆಗೆ ಹೋಗುತ್ತದೆ.

ಕೃಷ್ಣಾತೀರ: ನಮಸ್ಕಾರ್ರಿ ಮೇಡಂ. ನಮ್ಮಣ್ಣಗ 38 ವಯಸ್ಸು. ಎರಡು ತಿಂಗಳಾತು, ಬೆನ್ನಿನ ನಡುಮಧ್ಯ ಒಂದ ಜಾಗಾದಾಗ ನೋವು. ರಾತ್ರಿ ಮಲ್ಕೊಂಡ್ರೂ ಕಡಿಮಿ ಆಗಂಗಿಲ್ಲ. ಸಂಜಿಮುಂದ ಮೈ ಬೆಚ್ಚಗ ಆಗ್ತದ. 6 ಕೆಜಿ ಇಳಿದಾನ. ಎಕ್ಸ್‌ರೇ ನಾರ್ಮಲ್ ಅಂದಾರ. ಇಲ್ಲೊಬ್ರು ಬೆನ್ನು ಲಟಿಕಿ ತಗೀತಾರ, ಮೂರು ಸಲಕ್ಕ ಆರಾಮ ಆಗ್ತದ ಅಂತಾರ. ಕರ್ಕೊಂಡು ಹೋಗ್ಲೇನ್ರಿ?

ಮೇಡಂ: ಬೇಡ. ಯಾರ ಕೈಯನ್ನೂ ಆ ಬೆನ್ನಿಗೆ ಹಾಕಿಸಬೇಡಿ, ನನ್ನ ಕೈಯನ್ನೂ ಸೇರಿಸಿ. ನೀವು ಬರೆದದ್ದರಲ್ಲಿ ನಾಲ್ಕು ಸಂಗತಿ ಒಟ್ಟಿಗೆ ಇವೆ: ಮಲಗಿದರೂ ಬಿಡದ ನೋವು, ಒಂದೇ ಜಾಗ, ಸಂಜೆಯ ಜ್ವರ, ತೂಕ ಇಳಿದದ್ದು. ಉಳುಕು, ಸ್ನಾಯು ಹಿಡಿತ ಹೀಗಿರುವುದಿಲ್ಲ. ಮೊದಲು ತಳ್ಳಿಹಾಕಬೇಕಾದ್ದು ಬೆನ್ನೆಲುಬಿನ ಕ್ಷಯ. ಗಡ್ಡೆ, ಬೇರೆ ಸೋಂಕು ಕೂಡ ಇರಬಹುದು. ಕ್ಷಯ ಅಂದರೆ ಕೆಮ್ಮು, ಕಫ ಇರಲೇಬೇಕು ಎಂದುಕೊಳ್ಳಬೇಡಿ. ಬೆನ್ನಿಗೆ ಬಂದಾಗ ಕೆಮ್ಮೇ ಇಲ್ಲದಿರಬಹುದು.

ಎಕ್ಸ್‌ರೇ ನಾರ್ಮಲ್ ಎಂಬುದಕ್ಕೆ ಸಮಾಧಾನಪಡಬೇಡಿ. ಎಲುಬಿನ ಸುಣ್ಣದ ಅಂಶ ಶೇ 30ರಿಂದ 50ರಷ್ಟು ಕರಗುವವರೆಗೂ ಎಕ್ಸ್‌ರೇಯಲ್ಲಿ ಕಾಣಿಸದೆ ಹೋಗಬಹುದು. ಒಳಗೆ ಎಲುಬು ಗೆದ್ದಲು ತಿಂದ ಮರದಂತೆ ಟೊಳ್ಳಾಗಿರುತ್ತದೆ, ಹಿಂದೆಯೇ ಬೆನ್ನುಹುರಿ ಇರುತ್ತದೆ. ಆ ಎಲುಬಿನ ಮೇಲೆ ಮೊಣಕೈ ಇಟ್ಟು ಒತ್ತಿದರೆ ಅದು ಕುಸಿದು, ಕೀವು ಹುರಿಯ ಮೇಲೆ ಬಂದು, ಎರಡೂ ಕಾಲು ಬಿದ್ದುಹೋಗಬಹುದು.

ಈಗ ಮಾಡಬೇಕಾದ್ದು. ಅಣ್ಣನನ್ನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿಸಿ ಕೂರಿಸಿ, ಬೆನ್ನುಮೂಳೆಯ ಉಬ್ಬುಗಳನ್ನು ಮೇಲಿನಿಂದ ಕೆಳಕ್ಕೆ ನೋಡಿ. ಒಂದು ಉಬ್ಬು ಮಾತ್ರ ಚೂಪಾಗಿ ಹೊರಗೆ ಬಂದಿದೆಯಾ? ಅಲ್ಲಿ ಒತ್ತಬೇಡಿ, ತಟ್ಟಬೇಡಿ, ಅದನ್ನು ಡಾಕ್ಟರು ಮಾಡಲಿ. ನಾಳೆಯೇ ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಮೂಳೆ ವಿಭಾಗಕ್ಕೆ ಹೋಗಿ. ಇಎಸ್‌ಆರ್, ಸಿಆರ್‌ಪಿ (ಒಳಗೆ ಸೋಂಕು, ಉರಿಯೂತ ಇದ್ದರೆ ಏರುವ ರಕ್ತದ ಅಂಶಗಳು), ಎಚ್‌ಐವಿ, ಸಕ್ಕರೆ ಪರೀಕ್ಷೆ, ಎದೆಯ ಎಕ್ಸ್‌ರೇ, ಎಂಆರ್‌ಐ ಆಗಬೇಕು. ಎಂಆರ್‌ಐ ಬರೀ ನೋಯುವ ಭಾಗದ್ದಲ್ಲ, ಕತ್ತಿನಿಂದ ಸೊಂಟದವರೆಗೆ ಇಡೀ ಬೆನ್ನಿನ ಸ್ಕ್ರೀನಿಂಗ್ ಕೇಳಿ, ಎರಡನೇ ಜಾಗದಲ್ಲೂ ಇರುವುದುಂಟು. ಅನುಮಾನ ಬಂದರೆ ಸೂಜಿಯಿಂದ ಅಲ್ಲಿಯ ಅಂಶ ತೆಗೆದು ಕ್ಷಯದ ರೋಗಾಣು ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ ಕಳಿಸುತ್ತಾರೆ, ಯಾವ ಔಷಧಕ್ಕೆ ಬಗ್ಗುವುದಿಲ್ಲ ಎಂಬ ಸುಳಿವೂ ಅದರಲ್ಲೇ ಸಿಗುತ್ತದೆ. ಸರ್ಕಾರಿ ಕ್ಷಯ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಬೆನ್ನಿನದಾದರೆ ಮಾತ್ರೆ ಸುಮಾರು ಒಂದು ವರ್ಷ.

ಅಲ್ಲಿಯವರೆಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ಲಿವೋಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯಾಟಿಕ್ ಕೊಡಿಸಬೇಡಿ. ಅದು ಕ್ಷಯವನ್ನು ಅರ್ಧಂಬರ್ಧ ಅಡಗಿಸಿ ಪತ್ತೆಯನ್ನು ತಡ ಮಾಡುತ್ತದೆ. ಕಾಲು ಬಿಗಿಯುವುದು, ನಡೆಯುವಾಗ ಮುಗ್ಗರಿಸುವುದು, ಚಪ್ಪಲಿ ಕಾಲಿಂದ ಜಾರಿದ್ದೇ ತಿಳಿಯದಿರುವುದು, ಮೂತ್ರ ಕಟ್ಟುವುದು, ಇವುಗಳಲ್ಲಿ ಒಂದು ಕಂಡರೂ ನಾಳೆವರೆಗೆ ಕಾಯಬೇಡಿ.

ಕಾಲಿನ ಶಕ್ತಿ ಈಗ ಹೇಗಿದೆ? ದಯವಿಟ್ಟು ಇಲ್ಲೇ ಬರೆಯಿರಿ.

ಕೆಂಗೇರಿ: ಫೀಸ್ ಎಷ್ಟು ಮೇಡಂ?

ಮೇಡಂ: ಮೇಲೆ ಇದೆ.

ಫಿಜಿಯೋ ದಾವಣಗೆರೆ: ಮೇಡಂ ಹೇಳಿದ ಪರೀಕ್ಷೆಗಳೆಲ್ಲ ಸರಿ. ಆದರೆ ಒಂದು ಮಾತು. ಇದನ್ನೆಲ್ಲ ಫಿಜಿಯೋಥೆರಪಿಸ್ಟ್‌ಗಳೂ ಕಲಿತಿರುತ್ತೇವೆ. ಕೈರೋಪ್ರಾಕ್ಟಿಕ್ ಶುರುವಾದದ್ದೇ 1895ರಲ್ಲಿ, ಅಮೆರಿಕದ ಡ್ಯಾವೆನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಒಬ್ಬ ಕೆಲಸಗಾರನ ಬೆನ್ನೆಲುಬು ಒತ್ತಿ ಕಿವುಡು ವಾಸಿ ಮಾಡಿದೆ ಎಂದು ಹೇಳಿಕೊಂಡಾಗ. ಎಲುಬು ಜರುಗಿದ್ದೇ ಎಲ್ಲ ಕಾಯಿಲೆಗೆ ಮೂಲ ಎಂಬ ಆ ಮಾತನ್ನು ಇವತ್ತಿಗೂ ಕೆಲವರು ಮಾರುತ್ತಿದ್ದಾರೆ.

ಜೆಪಿ ನಗರ ಟೆಕ್ಕಿ: ನಿಮಗೆ ಹೊಟ್ಟೆಕಿಚ್ಚು ಸರ್. ಫಿಜಿಯೋ ಹತ್ತಿರ ಹೋದರೆ ಕರೆಂಟ್ ಕೊಟ್ಟು ಹದಿನೈದು ನಿಮಿಷಕ್ಕೆ ಕಳಿಸ್ತಾರೆ.

ಫಿಜಿಯೋ ದಾವಣಗೆರೆ: ಬರೀ ಮೆಷಿನ್ ಹಚ್ಚಿ ಕಳಿಸುವವರು ತಪ್ಪು ಮಾಡುತ್ತಿದ್ದಾರೆ, ಒಪ್ಪುತ್ತೇನೆ. ಆದರೆ ಒಂದು ವಾರದ ಕೋರ್ಸ್ ಮಾಡಿ ಕೈರೋಪ್ರಾಕ್ಟರ್ ಎಂದು ಬೋರ್ಡ್ ಹಾಕಿದವರಿಗೆ ನಿಮ್ಮ ಕತ್ತು ಕೊಡ್ತೀರಾ?

ಅಜ್ಜನ ಮದ್ದು: ಈ ಎರಡೂ ಬೇಡ. ಪುತ್ತೂರು ಕಟ್ಟು ಇರುವಾಗ ಇದೆಲ್ಲ ಯಾಕೆ?

ನೇತ್ರಾವತಿ: ನಮ್ಮ ಪುತ್ತೂರಿನಲ್ಲಿ ಯಾರು ಕಟ್ಟುವುದು ಮಾರಾಯ್ರೆ?

ಫಿಜಿಯೋ ದಾವಣಗೆರೆ: ಅದು ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದಲ್ಲಿ ತಿರುಪತಿ ಕಡೆಯದು. ಅಲ್ಲಿ ಕಟ್ಟುವುದು ಮುರಿದ ಕೈಕಾಲಿಗೆ. ಡಿಸ್ಕಿಗೂ ಅದಕ್ಕೂ ಏನು ಸಂಬಂಧ?

ಅಜ್ಜನ ಮದ್ದು: ನಮ್ಮ ಹಿರಿಯರು ದಡ್ಡರಾ?

ಮೇಡಂ: ಹಿರಿಯರ ವಿಷಯ ಇಲ್ಲಿ ಯಾರೂ ಎತ್ತಿಲ್ಲ. ದಾವಣಗೆರೆಯವರು ಹೇಳಿದ್ದು ಬಹುಪಾಲು ನಿಜ. ಬೆನ್ನೆಲುಬು ಒತ್ತಿ ಕಿವುಡು, ಬಿಪಿ, ಸಕ್ಕರೆ, ಥೈರಾಯ್ಡ್ ವಾಸಿ ಮಾಡುತ್ತೇವೆ ಎನ್ನುವವರನ್ನು ನಂಬಬೇಡಿ. ಈ ಚಿಕಿತ್ಸೆಗೆ ತಕ್ಕಮಟ್ಟಿನ ಆಧಾರ ಇರುವುದು ಸೊಂಟನೋವಿಗೆ. ಅಲ್ಲಿಯೂ ವ್ಯಾಯಾಮಕ್ಕಿಂತ ದೊಡ್ಡ ಪವಾಡ ಏನಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಕೊಟ್ಟ ಸಲಹೆಯೂ ವ್ಯಾಯಾಮದ ಜೊತೆಗೆ ಮಾತ್ರ ಮಾಡಿ ಎಂದೇ. ಇನ್ನು ಅರ್ಹತೆ. ಅಮೆರಿಕದ 50 ರಾಜ್ಯಗಳಲ್ಲೂ ಲೈಸೆನ್ಸ್ ಇಲ್ಲದೆ ಈ ಕೆಲಸ ಮಾಡುವಂತಿಲ್ಲ. ನಮ್ಮಲ್ಲಿ ಕೈರೋಪ್ರಾಕ್ಟರ್‌ಗಳಿಗೆಂದೇ ಕೌನ್ಸಿಲ್ ಇಲ್ಲ. ಆದ್ದರಿಂದ ಎಲ್ಲಿ ಓದಿದಿರಿ, ಎಷ್ಟು ವರ್ಷ ಓದಿದಿರಿ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿ. ಡಿ.ಸಿ. ಓದಿಗೆ ಪದವಿ ಮಟ್ಟದ ಓದಿನ ಮೇಲೆ ಸುಮಾರು ನಾಲ್ಕು ವರ್ಷ ಹಿಡಿಯುತ್ತದೆ.

ಕೃಷ್ಣಾತೀರದವರೇ, ಉತ್ತರ ಬರಲಿಲ್ಲ.

ನ್ಯೂಜೆರ್ಸಿ ಕನ್ನಡತಿ: ಮೇಡಂ, ಅಮ್ಮನಿಗೆ 71, ಇಲ್ಲಿ ಮೆಡಿಕೇರ್ (ಅಮೆರಿಕ ಸರ್ಕಾರ ಹಿರಿಯರಿಗೆ ಕೊಡುವ ಆರೋಗ್ಯ ವಿಮೆ) ಇದೆ. ಕೈರೋಪ್ರಾಕ್ಟರ್ ಖರ್ಚು ಬರುತ್ತಾ?

ಮೇಡಂ: ಮೆಡಿಕೇರಿನ ಪಾರ್ಟ್ ಬಿಯಲ್ಲಿ ಬೆನ್ನೆಲುಬಿಗೆ ಕೈಯಿಂದ ಮಾಡುವ ಚಿಕಿತ್ಸೆಗೆ ಮಾತ್ರ ಬರುತ್ತದೆ, ಡಿಡಕ್ಟಿಬಲ್ (ಮೊದಲು ನೀವೇ ಕಟ್ಟಬೇಕಾದ ಮೊತ್ತ) ಕಳೆದ ಮೇಲೆ ಶೇ 80. ಕೈರೋಪ್ರಾಕ್ಟರ್ ತೆಗೆಸುವ ಎಕ್ಸ್‌ರೇ, ಮಸಾಜ್ ನಿಮ್ಮ ಕೈಯಿಂದ. ಗುಣವಾದ ಮೇಲೂ ತಿಂಗಳಿಗೊಮ್ಮೆ ಬನ್ನಿ ಎನ್ನುವುದಕ್ಕೆ ಕೊಡುವುದಿಲ್ಲ. 71ಕ್ಕೆ ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಆಗಿದೆಯಾ? ಆಗದಿದ್ದರೆ ಮೊದಲು ಅದು. ಮೂಳೆ ಸವೆದಿದ್ದರೆ ಜೋರು ಒತ್ತು ಬೇಡ ಎಂದು ಹೇಳಿ.

ಚಾಮುಂಡಿ ತಪ್ಪಲು: ಮೈಸೂರಿನಲ್ಲಿ ಒಳ್ಳೆಯವರು ಯಾರಿದ್ದಾರೆ?

ತುಂಗಾತೀರ: ಹಾಸಿಗೆ ಯಾವುದು ಒಳ್ಳೇದು, ಹತ್ತಿಯದಾ ತೆಂಗಿನ ನಾರಿನದಾ?

ಕೋರಮಂಗಲ: ಕತ್ತು ನೋವಿಗೆ ವೈ-ಸ್ಟ್ರಾಪ್ ವಿಡಿಯೋ ನೋಡಿದೆ, ತಲೆಗೆ ಪಟ್ಟಿ ಕಟ್ಟಿ ಒಂದೇ ಸಲ ಜಗ್ಗುತ್ತಾರೆ. ಮಾಡಿಸಬಹುದಾ? ಕಟಿಂಗ್ ಶಾಪಿನಲ್ಲಿ ತಿಂಗಳಿಗೊಮ್ಮೆ ಲಟಿಕೆ ತೆಗೆಸ್ತೀನಿ, ಏನೂ ಆಗಿಲ್ಲ.

ಮೇಡಂ: ಎರಡೂ ಬೇಡ. ಕತ್ತಿನ ಎಲುಬಿನ ತೂತುಗಳೊಳಗಿಂದ ಎರಡು ರಕ್ತನಾಳಗಳು ಮಿದುಳಿಗೆ ಹೋಗುತ್ತವೆ. ತಟ್ಟನೆ ತಿರುಚಿದಾಗ ನಾಳದ ಒಳಪದರ ಹರಿದು, ಅಲ್ಲಿ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಅಪರೂಪ, ಆದರೆ ಆದವರಿಗೆ ಜೀವನವೇ ಹೋಗುತ್ತದೆ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಸಲೂನಿನಲ್ಲಿ ಕತ್ತು ತಿರುಚಿದ ಮೇಲೆ ಹೀಗಾದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಹಿಂದೆಂದೂ ಬಾರದಂಥ ಒಂದು ಪಕ್ಕದ ಕತ್ತು ನೋವು, ತಲೆನೋವು ಹೊಸದಾಗಿ ಶುರುವಾಗಿದ್ದರೆ ನಾಳ ಆಗಲೇ ಹರಿದಿರಬಹುದು, ಯಾರಿಂದಲೂ ತಿರುಗಿಸಿಕೊಳ್ಳಬೇಡಿ. ಕತ್ತು ತಿರುಗಿಸಿದ ಮೇಲೆ ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲಾಗದಿರುವುದು, ಒಂದು ರೆಪ್ಪೆ ಜೋತುಬೀಳುವುದು, ತೂರಾಡಿ ವಾಂತಿ ಬರುವುದು ಕಂಡರೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ 4.5 ಗಂಟೆ ಗಡುವು.

ಕೋರಮಂಗಲ: ಸುಮ್ಮನೆ ಹೆದರಿಸ್ತೀರಿ. ನೀವೂ ಕತ್ತು ತಿರುಗಿಸ್ತೀರಲ್ಲ?

ಮೇಡಂ: ಪರೀಕ್ಷೆ ಮಾಡಿ, ಒಪ್ಪಿಗೆ ಕೇಳಿ, ಬೇಕಾದವರಿಗೆ ಮಾತ್ರ. ಬೇಡ ಎಂದವರಿಗೆ ತಿರುಗಿಸದೆ ಮಾಡುವ ವಿಧಾನಗಳಿವೆ.

ಅಜ್ಜನ ಮದ್ದು: ಕತ್ತು ನೋವಿಗೆ ಟವೆಲ್ ಸುತ್ತಿ ಹಿಂದಿನಿಂದ ಮನೆಯವರು ಜಗ್ಗಿದರೆ

ಮೇಡಂ: ಅಡ್ಮಿನ್, ಇವರನ್ನು ನೀವು ತಡೆಯಿರಿ, ಇಲ್ಲ ನಾನು ನಿಲ್ಲಿಸುತ್ತೇನೆ. ಇದನ್ನು ಓದಿ ಯಾರಾದರೂ ಮನೆಯಲ್ಲಿ ಮಾಡುತ್ತಾರೆ.

ಅಡ್ಮಿನ್: ಕಾಮೆಂಟ್ ತೆಗೆದಿದ್ದೇನೆ. ಇನ್ನೊಂದು ಹಾಕಿದರೆ ಗುಂಪಿನಿಂದ ಹೊರಗೆ.

ಬಸವನಗುಡಿ: 3 ತಿಂಗಳ ಮಗು ಅಳ್ತಾನೇ ಇರುತ್ತೆ, ಕೈರೋಪ್ರಾಕ್ಟಿಕ್ ಮಾಡಿಸಬಹುದಾ?

ಮೇಡಂ: ಬೇಡ. ಮಕ್ಕಳ ಡಾಕ್ಟರಿಗೆ ತೋರಿಸಿ.

ವಿಜಯನಗರ: ಸೌಂಡ್ ಬರಲಿಲ್ಲ ಅಂದ್ರೆ ದುಡ್ಡು ವೇಸ್ಟಾ?

ಮೇಡಂ: ಮೇಲೆ ಓದಿ.

ಕೃಷ್ಣಾತೀರ: ಮೇಡಂ, ನೆಟ್‌ವರ್ಕ್ ಇರಲಿಲ್ರಿ. ದವಾಖಾನಿಗೆ ಹೋಗಿ ಬಂದ್ವಿ. ಇಎಸ್‌ಆರ್ 92 ಬಂದದ. ನಡು ಬೆನ್ನಿನ ಒಂದ ಎಲುಬು ತಟ್ಟಿದ್ರ ಚೀರ್ತಾನ. ಎಂಆರ್‌ಐ ನಾಳೆ 11ಕ್ಕ. ಕಾಲು ಮೊನ್ನಿಯಿಂದ ಸ್ವಲ್ಪ ಭಾರ ಅಂತಾನ, ಮೆಟ್ಟಲ ಹತ್ತೂಮುಂದ.

ಮೇಡಂ: ಕಾಲು ಭಾರ ಎಂಬುದನ್ನು ಅಲ್ಲಿಯ ಡಾಕ್ಟರಿಗೆ ಹೇಳಿದಿರಾ? ಹೇಳಿಲ್ಲವಾದರೆ ಈಗಲೇ ಹೊರಡಿ, ಎಮರ್ಜೆನ್ಸಿಯಲ್ಲಿ ತೋರಿಸಿ, ನಾಳೆ 11ಕ್ಕೆ ಕಾಯಬೇಡಿ. ಬೈಕ್ ಬೇಡ, ಬಸ್ ಬೇಡ. ಕಾರಿನ ಸೀಟು ಹಿಂದಕ್ಕೆ ಬಾಗಿಸಿ ಮಲಗಿಸಿಕೊಂಡು ಹೋಗಿ, ಅಥವಾ 108ಕ್ಕೆ ಕರೆ ಮಾಡಿ. ಎತ್ತುವಾಗ ಕಂಕುಳು ಹಿಡಿದು ಜಗ್ಗಬೇಡಿ. ಮಗ್ಗುಲಿಗೆ ತಿರುಗಿಸಿ, ಭುಜ ಮತ್ತು ಸೊಂಟ ಒಟ್ಟಿಗೆ ತಿರುಗುವ ಹಾಗೆ ಇಬ್ಬರು ಹಿಡಿದು ಏಳಿಸಿ. ಹಳೇ ಎಕ್ಸ್‌ರೇ ಫಿಲ್ಮ್ ತಗೊಂಡು ಹೋಗಿ. ಹೊರಡುವ ಮೊದಲು ಮೂತ್ರ ಯಾವಾಗ ಹೋಗಿದ್ದು ಎಂದು ಕೇಳಿ ಗಂಟೆ ಬರೆದಿಟ್ಟುಕೊಳ್ಳಿ, ಅಲ್ಲಿ ಕೇಳುತ್ತಾರೆ.

ಕೃಷ್ಣಾತೀರ: ಹೊಂಟ್ವಿರಿ.

ಯಲಹಂಕ: ಫೀಸ್ ಎಷ್ಟು ಅಂತ ಯಾರಾದರೂ ಹೇಳ್ತೀರಾ?