'ತಯಾರಿಕೆಯು ತಯಾರಿಕೆ ಎನಿಸುವುದಿಲ್ಲ': ಫ್ಯಾಬ್ರಿಕೇಷನ್‌ಗೆ ಪದ ಬೇಕು, ನಾಳೆಯೊಳಗೆ

ಬಲ್ಲವರಲ್ಲಿ ವಿನಂತಿ. ಹಳೆಯ ಸೇವಾ ತೆರಿಗೆ ಪ್ರಕರಣವೊಂದರ ಆದೇಶವನ್ನು ಕನ್ನಡಕ್ಕೆ ತರುತ್ತಿದ್ದೇನೆ. ತೆರಿಗೆ ಬಿದ್ದಿರುವುದು ಒಂದು ಪಾಲುದಾರಿಕೆ ಸಂಸ್ಥೆಯ ಮೇಲೆ. ಪಾಲುದಾರರಲ್ಲಿ ಹಿರಿಯರು ಕನ್ನಡ ಮಾತ್ರ ಓದುತ್ತಾರೆ. ಓದಿ ತಿಳಿಯದೆ ಮೇಲ್ಮನವಿಗೆ ಸಹಿ ಹಾಕುವುದಿಲ್ಲ ಎಂದು ಕುಳಿತಿದ್ದಾರೆ. ಅವರ ಹಟ ನ್ಯಾಯವಾದದ್ದೇ. ನಾಳೆ ಸಂಜೆಯೊಳಗೆ ಕೊಡಬೇಕು.

ಕೆಲಸದ ಸ್ವರೂಪ ಇಷ್ಟು. ದೊಡ್ಡ ಕಾರ್ಖಾನೆಯ ಆವರಣದೊಳಗೆ, ಕಾರ್ಖಾನೆಯವರೇ ಕೊಟ್ಟ ಉಕ್ಕಿನ ಪ್ಲೇಟನ್ನು ಕತ್ತರಿಸಿ, ಬಾಗಿಸಿ, ಬೆಸೆದು ಹಾಪರ್ (ಸರಕು ಸುರಿಯುವ ಆಲಿಕೆಯಂಥ ತೊಟ್ಟಿ), ಚ್ಯೂಟ್ (ಸರಕು ಜಾರಿ ಇಳಿಯುವ ದೋಣಿ), ಗಾಳಿಕೊಳವೆಗಳನ್ನು ಮಾಡಿಕೊಟ್ಟಿದ್ದಾರೆ. ಟನ್ನಿಗೆ ಇಷ್ಟು ಎಂಬ ದರ. ಯಂತ್ರಗಳು ನಿಂತ ದಿನಗಳಲ್ಲಿ ಸವೆದ ಒಳಹಾಸುಗಳನ್ನು ಬದಲಿಸಿದ್ದು ಬೇರೆ. ಮೊದಲನೆಯದನ್ನು ಆದೇಶವು ಫ್ಯಾಬ್ರಿಕೇಷನ್ ಎನ್ನುತ್ತದೆ, ಎರಡನೆಯದನ್ನು ರಿಪೇರಿ. ಇಲಾಖೆಯ ಪ್ರಕಾರ ಎರಡೂ ಸೇವೆ, ಎರಡಕ್ಕೂ ತೆರಿಗೆ. ಸಂಸ್ಥೆಯ ಪ್ರಕಾರ ಮೊದಲನೆಯದು 1944ರ ಕೇಂದ್ರ ಅಬಕಾರಿ ಕಾಯ್ದೆಯ 2ನೇ ಕಲಮಿನ ಎಫ್ ಖಂಡ ಹೇಳುವ 'ಮ್ಯಾನುಫ್ಯಾಕ್ಚರ್'. ಹಾಗಾಗಿ ಅದು ಸೇವೆಯೇ ಅಲ್ಲ.

ಕೈಯಲ್ಲಿರುವ ನಿಘಂಟು ಫ್ಯಾಬ್ರಿಕೇಷನ್, ಮ್ಯಾನುಫ್ಯಾಕ್ಚರ್ ಎರಡಕ್ಕೂ ತಯಾರಿಕೆ ಎಂದುಬಿಟ್ಟಿದೆ. ಹಾಗೆಯೇ ಇಟ್ಟರೆ ಆದೇಶದ ಜೀವಾಳದ ವಾಕ್ಯ ಹೀಗಾಗುತ್ತದೆ: 'ಗ್ರಾಹಕರ ಆವರಣದಲ್ಲಿ ನಡೆಸಿದ ತಯಾರಿಕೆಯು ತಯಾರಿಕೆ ಎನಿಸುವುದಿಲ್ಲ.' ಹಿರಿಯರು ಇದನ್ನು ಓದಿದರೆ ಇಲಾಖೆಯನ್ನು ಬಿಟ್ಟು ನನ್ನನ್ನು ಹಿಡಿಯುತ್ತಾರೆ. ರಿಪೇರಿಗೆ ದುರಸ್ತಿ ಸಾಕೇ, ಅದನ್ನೂ ತಿಳಿಸಿ.

ಮರು: ಫ್ಯಾಬ್ರಿಕೇಷನ್

ತಯಾರಿಕೆ ಹೇಗೂ ಅರಬ್ಬೀ ಮೂಲದ್ದು, ಎರಡೂ ಕಡೆ ಕೈಬಿಡಿ. ಮ್ಯಾನುಫ್ಯಾಕ್ಚರ್‌ಗೆ ಉತ್ಪಾದನೆ, ಫ್ಯಾಬ್ರಿಕೇಷನ್‌ಗೆ ನಿರ್ಮಾಣ. ಮುಗಿಯಿತು.

ಮರು: ಮರು: ಫ್ಯಾಬ್ರಿಕೇಷನ್

ಮುಗಿಯಲಿಲ್ಲ, ಕೆಟ್ಟಿತು. ಕಟ್ಟಡ ನಿರ್ಮಾಣ ಎಂಬುದು ಸೇವಾ ತೆರಿಗೆಯಲ್ಲಿ ಬೇರೆಯದೇ ಬಾಬು ಆಗಿತ್ತು. 2004ರ ಸೆಪ್ಟೆಂಬರ್ 10ರಂದು ತೆರಿಗೆಯ ಸೇವೆಗಳ ಪಟ್ಟಿಗೆ ಸೇರಿತ್ತು. ಹಾಪರ್ ಮಾಡಿದವರನ್ನು ಕಟ್ಟಡ ಕಟ್ಟಿದವರ ಸಾಲಿಗೆ ಸೇರಿಸುವುದು ಅನುವಾದಕನ ಕೆಲಸವಲ್ಲ. ಉತ್ಪಾದನೆ ಇನ್ನೂ ಅಪಾಯ. 'ಬ್ಯುಸಿನೆಸ್ ಆಕ್ಸಿಲರಿ', ಅಂದರೆ ವ್ಯಾಪಾರಕ್ಕೆ ಪೂರಕವಾದ ಸೇವೆ, ಎಂಬ ವರ್ಗದಲ್ಲಿ ಸರಕಿನ 'ಪ್ರೊಡಕ್ಷನ್' ಸೇವೆಯೊಳಗೆ ಬರುತ್ತಿತ್ತು, 'ಮ್ಯಾನುಫ್ಯಾಕ್ಚರ್' ಹೊರಗೆ ಹೋಗುತ್ತಿತ್ತು. ಎರಡೂ ಒಂದೇ ವಾಕ್ಯವೃಂದದಲ್ಲಿವೆ. ನಿಮ್ಮ ಸಲಹೆಯಂತೆ ಹೋದರೆ, ತಯಾರಿಕೆಯು ತಯಾರಿಕೆಯಲ್ಲ ಎಂಬಲ್ಲಿಂದ ಉತ್ಪಾದನೆಯು ಉತ್ಪಾದನೆಯಲ್ಲ ಎಂಬಲ್ಲಿಗೆ ಬಂದು ನಿಲ್ಲುತ್ತೇವೆ.

ಮರು: ಸಮೆಗೆ

ಹಳಗನ್ನಡದ 'ಸಮೆ' ಧಾತು ಕಣ್ಣೆದುರಿಗಿರುವಾಗ ಈ ಪರದಾಟ ಏಕೆಂದು ತಿಳಿಯದು. ಸಮೆ ಎಂದರೆ ಅಣಿಗೊಳಿಸು, ಮಾಡು, ಕಟ್ಟು. ತಮಿಳಿನಲ್ಲಿ ಇದು ಅಡುಗೆಮನೆ ಸೇರಿ ಸಮೈಯಲ್ ಆಯಿತು. ನಾವು ಅದನ್ನು ಕುಲುಮೆಯ ಪಕ್ಕಕ್ಕೆ ಕರೆದುಕೊಂಡರೆ ಯಾರೂ ಆಕ್ಷೇಪಿಸಲಾರರು. ತೆರು, ತೆರಿಗೆ. ಬೆಸೆ, ಬೆಸುಗೆ. ಸಮೆ, ಸಮೆಗೆ. ಪ್ರತ್ಯಯದ ಪಾಠ ಇಲ್ಲಿ ಯಾರಿಗೂ ಬೇಕಿಲ್ಲ ಎಂದುಕೊಂಡಿದ್ದೇನೆ. 'ಗ್ರಾಹಕರ ಆವರಣದಲ್ಲಿ ನಡೆಸಿದ ಸಮೆಗೆಯು ತಯಾರಿಕೆ ಎನಿಸುವುದಿಲ್ಲ.' ಎಷ್ಟು ನಿಚ್ಚಳ! ರಿಪೇರಿಗೆ ಸರಿಪಡಿಕೆ. ದುರಸ್ತಿಯನ್ನು ನಾನು ಮುಟ್ಟುವುದಿಲ್ಲ.

ಮರು: ಮರು: ಸಮೆಗೆ

ಇಂದಿನ ಓದುಗನ ಕಿವಿಗೆ ಸಮೆ ಬೀಳುವುದಿಲ್ಲ, ಸವೆ ಬೀಳುತ್ತದೆ. ಅದೇ ಆದೇಶದಲ್ಲಿ ಸವೆದ ಒಳಹಾಸುಗಳೂ ಇವೆ. ಒಂದು ಪುಟದಲ್ಲಿ ಸಮೆದ ಹಾಪರ್, ಮುಂದಿನ ಪುಟದಲ್ಲಿ ಸವೆದ ಹಾಪರ್. ಬೆರಳಚ್ಚಿನಲ್ಲಿ ಒಂದಕ್ಷರ ತಪ್ಪಿದರೆ ಹೊಸದಾಗಿ ಮಾಡಿದ್ದೆಲ್ಲ ರಿಪೇರಿಯಾಗುತ್ತದೆ, ಇಲಾಖೆಗೆ ಬೇಕಾದದ್ದೂ ಅದೇ. ಬೇಡ.

ಮರು: ಮರು: ಮರು: ಸಮೆಗೆ

ಗೊಂದಲ ಓದುಗನದು, ಧಾತುವಿನದಲ್ಲ. ಕಿವಿಗೆ ಬೀಳುವುದಿಲ್ಲ ಎಂದು ಬಳಸದೆ ಬಿಟ್ಟರೆ ಮುಂದೆಂದೂ ಬೀಳುವುದಿಲ್ಲ. ಕನ್ನಡಕ್ಕೆ ಬಂದಿರುವ ಕೇಡೇ ಇದು: ನೆಲದ ಪದಕ್ಕೆ ನೂರು ತಕರಾರು, ಹೊರಗಿನ ಪದಕ್ಕೆ ರತ್ನಗಂಬಳಿ.

ಮರು: ತಕರಾರು

ತಕರಾರು ಅರಬ್ಬೀ. ಅರ್ಜಿ, ವಕೀಲ, ಕರಾರು ಕೂಡ ಅರಬ್ಬೀ, ಕಾರ್ಖಾನೆ ಪಾರಸಿ. ಇವನ್ನೆಲ್ಲ ಆಚೆಗೆ ಹಾಕಿದರೆ ನ್ಯಾಯಾಲಯದಲ್ಲಿ ಕುಳಿತುಕೊಳ್ಳಲು ಕುರ್ಚಿಯೂ ಉಳಿಯುವುದಿಲ್ಲ, ಅದೂ ಅರಬ್ಬೀಯೇ.

ಮರು: ಮರು: ತಕರಾರು

ದುರಸ್ತಿಯ ಬಗ್ಗೆ ಒಂದು ಮಾತು. 'ದುರ್' ಎಂಬ ಉಪಸರ್ಗ ಅದರಲ್ಲಿದೆ, ಕೆಟ್ಟ ಸ್ಥಿತಿಯನ್ನು ಸರಿಮಾಡುವುದೇ ದುರಸ್ತಿ ಎಂದು ವ್ಯುತ್ಪತ್ತಿ ಹೇಳುವವರನ್ನು ಕಂಡಿದ್ದೇನೆ. ಹಾಗಲ್ಲ. ಪಾರಸಿಯ 'ದುರುಸ್ತ್', ಅಂದರೆ ಸರಿ, ನೆಟ್ಟಗೆ. ಅರ್ಥ ತಲೆಕೆಳಗು, ಫಲ ಒಂದೇ. ಪದ ಮಾತ್ರ ಗಟ್ಟಿ, ಇಟ್ಟುಕೊಳ್ಳಿ.

ಮರು: ಫ್ಯಾಬ್ರಿಕೇಷನ್ (ಮೂಲ ಪ್ರಶ್ನೆಗೆ)

ಕೇಳಿದವರಿಗೆ ನಾಳೆ ಸಂಜೆಯ ಗಡುವಿದೆ ಎಂಬುದನ್ನು ಎಲ್ಲರೂ ಮರೆತಂತಿದೆ. ಇಂಥ ಕಡತಗಳ ಜೊತೆ ಬಹುಕಾಲ ಹೆಣಗಿದವನಾಗಿ ಹೇಳುತ್ತೇನೆ.

ಈ ಆದೇಶಗಳಲ್ಲಿ ಎರಡು ಜಾತಿಯ ಪದಗಳಿವೆ. ಒಂದು ಶಾಸನದ ಪದ, ಇನ್ನೊಂದು ಕೆಲಸದ ಅಂಗಳದ ಪದ. ಶಾಸನದ ಪದಕ್ಕೆ ದಿನಾಂಕವಿದೆ, ತೆರಿಗೆಯ ಭಾರವಿದೆ. ಅಂಗಳದ ಪದಕ್ಕೆ ಎರಡೂ ಇಲ್ಲ. ಕಮಿಷನಿಂಗ್ (ಚಾಲನೆಗೆ ತರುವುದು), ಇನ್‌ಸ್ಟಾಲೇಷನ್ (ಅಳವಡಿಕೆ) ಎರಡೂ ಶಾಸನದವು, 2003ರ ಜುಲೈ 1ರಿಂದ. ಎರೆಕ್ಷನ್ (ಎತ್ತಿ ನಿಲ್ಲಿಸುವುದು) ಅವುಗಳ ಜೊತೆ ಸೇರಿದ್ದು 2004ರ ಸೆಪ್ಟೆಂಬರ್ 10ರಂದು. ರಿಪೇರಿಯೂ ಶಾಸನದ್ದೇ, 2003ರ ಜುಲೈ 1ರಿಂದ. ಮ್ಯಾನುಫ್ಯಾಕ್ಚರ್ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಭಾರದ್ದು. ಇಲ್ಲಿ ವಿವಾದಕ್ಕೆ ಸಿಕ್ಕಿರುವ ಯಾವ ವರ್ಗದ ಹೆಸರಿನಲ್ಲೂ ಫ್ಯಾಬ್ರಿಕೇಷನ್ ಇಲ್ಲ. ಅದು ಬರಿಯ ಅಂಗಳದ ಮಾತು. ಅದು ತಯಾರಿಕೆಯೋ, ಅಳವಡಿಕೆಯೋ, ಬರಿಯ ಸಂಸ್ಕರಣೆಯೋ ಎಂಬುದೇ ಜಗಳ. ಜಗಳ ತೀರುವ ಮೊದಲೇ ಅನುವಾದಕ ಅದಕ್ಕೆ ತಯಾರಿಕೆ ಎಂದರೆ ಸಂಸ್ಥೆಯ ಪರ ತೀರ್ಪು ಕೊಟ್ಟ ಹಾಗೆ. ಜೋಡಣೆ ಎಂದರೆ ಇಲಾಖೆಯ ಪರ. ಯಾರ ಕಡೆಗೂ ವಾಲದ ಪದ ಬೇಕು. ಫ್ಯಾಬ್ರಿಕೇಷನ್ ಎಂದು ಕನ್ನಡ ಲಿಪಿಯಲ್ಲೇ ಬರೆಯಿರಿ, ತಯಾರಿಕೆಯನ್ನು ಮ್ಯಾನುಫ್ಯಾಕ್ಚರ್‌ಗೆ ಕಾದಿರಿಸಿ. ಜೀವನವಿಡೀ ಅದೇ ಕೆಲಸ ಮಾಡಿದ ಹಿರಿಯರಿಗೆ ಫ್ಯಾಬ್ರಿಕೇಷನ್ ಎಂದರೇನೆಂದು ನಾವು ಕಲಿಸಬೇಕಿಲ್ಲ. ಸಮೆಗೆ ಎಂದರೇನೆಂದು ಕಲಿಸಬೇಕಾದೀತು.

1962ರ ದೆಹಲಿ ಕ್ಲಾತ್ ಮಿಲ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒರೆಗಲ್ಲು ಕೊಟ್ಟಿದೆ: ಬೇರೆ ಹೆಸರು, ಬೇರೆ ಲಕ್ಷಣ ಅಥವಾ ಬೇರೆ ಉಪಯೋಗವುಳ್ಳ ಹೊಸ ವಸ್ತು ಹುಟ್ಟಿದರೆ ಅದು ಮ್ಯಾನುಫ್ಯಾಕ್ಚರ್. ಪ್ಲೇಟು ಚ್ಯೂಟ್ ಆಯಿತೇ ಎಂಬುದೇ ಪ್ರಶ್ನೆ. ಆದ್ದರಿಂದ ಚ್ಯೂಟ್, ಹಾಪರ್ ಎಂಬ ಹೆಸರುಗಳನ್ನು ಹಾಗೆಯೇ ಉಳಿಸಿ. ಎಲ್ಲವನ್ನೂ 'ಉಕ್ಕಿನ ರಚನೆಗಳು' ಎಂಬ ಒಂದೇ ಚೀಲಕ್ಕೆ ತುರುಕಿದರೆ, ಹೊಸ ಹೆಸರು ಬಂತೆಂಬ ವಾದದ ಬುಡವೇ ಓದುಗನಿಗೆ ಕಾಣುವುದಿಲ್ಲ. ತಯಾರಿಕೆ ಎಂದು ಗೆದ್ದರೆ ಅಬಕಾರಿ ಸುಂಕದ ಕಣ್ಣು ಬೀಳುತ್ತದೆ ಎಂಬ ಅಳುಕೂ ಇದ್ದೇ ಇರುತ್ತದೆ. ಅದನ್ನು ಅವರ ವಕೀಲರು ನೋಡಿಕೊಳ್ಳಲಿ.

ಟನ್ನಿನ ದರವನ್ನು ಕೂಲಿ ಎಂದು ಬರೆದಿದ್ದರೆ ಈಗಲೇ ಅಳಿಸಿ. ಇಂಥ ಗುತ್ತಿಗೆಗಳನ್ನು ಆಳು ಪೂರೈಕೆಯ ಸೇವೆ ಎಂದು ಹಿಡಿಯುವ ರೂಢಿ ಇಲಾಖೆಗೆ ಇದ್ದೇ ಇತ್ತು. ದುಡ್ಡು ತೂಕಕ್ಕೆ, ತಲೆಗಲ್ಲ ಎಂಬುದೇ ಅದಕ್ಕೆ ಉತ್ತರ. ಕೂಲಿ ಎಂದ ಕೂಡಲೇ ಆ ಉತ್ತರ ಕರಗುತ್ತದೆ. 'ಕೆಲಸದ ದರ' ಸಾಕು.

ರಿಪೇರಿಗೆ ದುರಸ್ತಿಯೇ ಸರಿ. ಆದರೆ 2003ರ ವ್ಯಾಖ್ಯೆಯಲ್ಲಿ ಅದು ಕರಾರು ಅಥವಾ ಒಪ್ಪಂದದ ಅಡಿಯಲ್ಲಿ ನಡೆದದ್ದಾಗಿರಬೇಕು, ಇಲ್ಲವೇ ವಸ್ತು ತಯಾರಿಸಿದವರು ಅಥವಾ ಅವರಿಂದ ಅಧಿಕಾರ ಪಡೆದವರು ಮಾಡಿದ್ದಾಗಿರಬೇಕು. ಕರಾರು, ಒಪ್ಪಂದ ಎರಡನ್ನೂ ಉಳಿಸಿ, ಸಮಾನಾರ್ಥಕವೆಂದು ಒಂದನ್ನು ನುಂಗಬೇಡಿ. ಸ್ಥಿರಾಸ್ತಿಯ ನಿರ್ವಹಣೆ ಒಳಗೆ ಬಂದದ್ದು 2005ರ ಜೂನ್ 16ರ ಮೇಲೆ. ಆ ಗೆರೆಯ ಹಿಂದೆ ನಿರ್ವಹಣೆ ಎಂಬ ಪದವನ್ನು ನೋಡಿ ಬಳಸಿ.

ಮರು: ಮರು: ಫ್ಯಾಬ್ರಿಕೇಷನ್ (ಮೂಲ ಪ್ರಶ್ನೆಗೆ)

ಅಂದರೆ ಎಲ್ಲಿ ಕಷ್ಟವೋ ಅಲ್ಲಿ ಇಂಗ್ಲಿಷ್. ಅನುವಾದಕನಿಗೆ ಸಂಬಳ ಏಕೆ?

ಮರು: ಮರು: ಮರು: ಫ್ಯಾಬ್ರಿಕೇಷನ್

ಸುಂಕ ಎಂಬುದು ಶುಲ್ಕದ ತದ್ಭವ, ಕಲ್ಲಿನ ಶಾಸನಗಳ ಕಾಲದಿಂದ ನಮ್ಮದಾಗಿದೆ. ಅಂದು ಯಾರೂ ಹೀಗೆ ಎದೆ ಬಡಿದುಕೊಳ್ಳಲಿಲ್ಲ. ಫ್ಯಾಬ್ರಿಕೇಷನ್‌ಗೂ ತದ್ಭವವಾಗಲು ಕಾಲ ಕೊಡಿ.

ಮರು: ಫ್ಯಾಬ್ರಿಕೇಷನ್, ಮತ್ತು 'ಕ್ಲೈಂಟ್'

ಉಪಕಾರವಾಯಿತು. ಫ್ಯಾಬ್ರಿಕೇಷನ್, ತಯಾರಿಕೆ, ದುರಸ್ತಿ ಎಂದು ನಿಗದಿ ಮಾಡಿಕೊಂಡೆ. ಕೂಲಿ ಎರಡು ಕಡೆ ಇತ್ತು, ತೆಗೆದೆ. ಸಮೆಗೆಯವರು ಬೇಸರಿಸಬಾರದು, ಹಿರಿಯರಿಗೆ ಫೋನಿನಲ್ಲಿ ಓದಿ ಹೇಳಿದೆ, 'ಅದು ಯಾವ ಊರು?' ಎಂದರು. ಕೊನೆಯ ಒಂದು ಸಂಶಯ: 'ಕ್ಲೈಂಟ್' ಕಕ್ಷಿದಾರನೇ, ಗ್ರಾಹಕನೇ? 'ಆನ್ ಬಿಹಾಫ್ ಆಫ್' ಮತ್ತು 'ಫಾರ್', ಎರಡಕ್ಕೂ 'ಪರವಾಗಿ' ನಡೆಯುತ್ತದೆಯೇ?

ಮರು: ಮರು: ಫ್ಯಾಬ್ರಿಕೇಷನ್, ಮತ್ತು 'ಕ್ಲೈಂಟ್'

ಗ್ರಾಹಕ. ಕಕ್ಷಿದಾರ ಎಂದರೆ ವಕೀಲರ ಬಾಗಿಲಲ್ಲಿ ನಿಂತವನು, ಇಲ್ಲಿ ಅದು ಸಂಸ್ಥೆಯೇ ಆಗಿಬಿಡುತ್ತದೆ.

ಎರಡಕ್ಕೂ ಪರವಾಗಿ ನಡೆಯುವುದಿಲ್ಲ, ಖಂಡಿತ ನಡೆಯುವುದಿಲ್ಲ. ಬ್ಯುಸಿನೆಸ್ ಆಕ್ಸಿಲರಿ ವರ್ಗದ ಆ ಖಂಡದಲ್ಲಿ ಮೊದಲು ಗ್ರಾಹಕರ 'ಪರವಾಗಿ' ಮಾಡಿದ ಉತ್ಪಾದನೆ ಮಾತ್ರ ಇತ್ತು. 2005ರ ಜೂನ್ 16ರಿಂದ 'ಗ್ರಾಹಕರಿಗಾಗಿ ಅಥವಾ ಗ್ರಾಹಕರ ಪರವಾಗಿ' ಎಂದಾಯಿತು, ಸಂಸ್ಕರಣೆಯೂ ಅದೇ ದಿನ ಸೇರಿತು. ಪರವಾಗಿ ಎಂದರೆ ಅವರ ಜಾಗದಲ್ಲಿ ನಿಂತು, ಮೂರನೆಯವರಿಗೆ ಮಾಡಿಕೊಡುವುದು ಎಂಬ ವಾದಕ್ಕೆ ಆಸ್ಪದವಿದೆ. ಕಾರ್ಖಾನೆಗೇ ಹಾಪರ್ ಮಾಡಿಕೊಟ್ಟವರು 'ಗ್ರಾಹಕರಿಗಾಗಿ' ಮಾಡಿದರು, ಪರವಾಗಿ ಅಲ್ಲ. ನಿಮ್ಮ ಆದೇಶದ ಅವಧಿ ಆ ದಿನಾಂಕಕ್ಕಿಂತ ಹಿಂದಿನಿಂದ ಶುರುವಾಗಿದ್ದರೆ, ಮೇಲ್ಮನವಿಯಲ್ಲಿ ಈ ಅಂಶ ಇದೆಯೇ ಎಂದು ವಕೀಲರನ್ನು ಈ ರಾತ್ರಿಯೇ ಕೇಳಿ.